ಜಾಂಗೋದಲ್ಲಿ ಬಳಕೆದಾರರಿಗೆ ಅನುಮತಿ ಕೊಡುವುದು: ಕಾಗದದ ಪಟ್ಟಿಯಿಂದ ಕೊನೆಯ ಟೆಸ್ಟ್‌ವರೆಗೆ

ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ತಂಡ ಬಿಲ್‌ಗಳ ಅಪ್ಲಿಕೇಶನ್ ಕಟ್ಟುತ್ತಿತ್ತು. ಬಿಲ್ ಮಂಜೂರು ಮಾಡುವ ಬಟನ್ ಮೇಲಧಿಕಾರಿಗಳಿಗೆ ಮಾತ್ರ ಕಾಣಬೇಕಿತ್ತು. ಟೆಂಪ್ಲೇಟ್‌ನಲ್ಲಿ ಒಂದು ‘ಇಫ್’ ಹಾಕಿ ಕೆಲಸ ಮುಗಿಯಿತು ಅಂದುಕೊಂಡೆವು. ಒಂದು ದಿನ ಮೇಲಧಿಕಾರಿಯೊಬ್ಬರು ‘ಈ ಬಿಲ್ ಸ್ವಲ್ಪ ನೋಡಿ’ ಎಂದು ಗುಮಾಸ್ತರಿಗೆ ಲಿಂಕ್ ಕಳಿಸಿದರು. ಬ್ರೌಸರ್‌ನಿಂದ ನೇರವಾಗಿ ಕಾಪಿ ಮಾಡಿದ್ದ ಆ ವಿಳಾಸದ ಕೊನೆಯಲ್ಲಿ ‘ಅಪ್ರೂವ್’ ಎಂದಿತ್ತು. ಗುಮಾಸ್ತರು ಒತ್ತಿದರು, ಬಿಲ್ ಮಂಜೂರಾಗಿ ಹೋಯಿತು. ಬಟನ್ ಕಾಣದಂತೆ ಮಾಡಿದ್ದ ನಾವು ಅದರ ಹಿಂದಿನ ವಿಳಾಸಕ್ಕೆ ಕಾವಲು ಹಾಕಿರಲೇ ಇಲ್ಲ.

ಇಂಥ ತಪ್ಪು ಅಪರೂಪದ್ದಲ್ಲ. ವೆಬ್ ಸುರಕ್ಷತೆಯ ಬಗ್ಗೆ ಓವಾಸ್ಪ್ ಎಂಬ ಸಂಸ್ಥೆ ಪ್ರಕಟಿಸುವ ಹತ್ತು ಪ್ರಮುಖ ಅಪಾಯಗಳ ಪಟ್ಟಿಯಲ್ಲಿ, ಯಾರು ಏನು ಮಾಡಬಹುದು ಎಂಬ ನಿಯಂತ್ರಣ ಮುರಿದುಬೀಳುವುದು 2017ರಲ್ಲಿ ಐದನೆಯ ಸ್ಥಾನದಲ್ಲಿತ್ತು. 2021ರ ಪಟ್ಟಿಯಲ್ಲಿ ಅದೇ ಮೊದಲನೆಯದು. ಲಾಗಿನ್ ಪುಟವನ್ನು ಎಲ್ಲರೂ ಜತನದಿಂದ ಕಟ್ಟುತ್ತಾರೆ. ಒಳಗೆ ಬಂದವರು ಎಲ್ಲೆಲ್ಲಿ ಕೈ ಹಾಕಬಹುದು ಎಂಬುದನ್ನು ಮಾತ್ರ ಕೊನೆಯ ವಾರಕ್ಕೆ ತಳ್ಳುತ್ತಾರೆ.

ಪೈಥಾನ್ ಭಾಷೆಯಲ್ಲಿ ವೆಬ್ ಅಪ್ಲಿಕೇಶನ್ ಕಟ್ಟುವ ಜಾಂಗೋ ಫ್ರೇಮ್‌ವರ್ಕ್‌ನಲ್ಲಿ ಈ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಹೇಗೆ ಮಾಡುವುದು ಎಂದು ಇಲ್ಲಿ ಬರೆಯುತ್ತಿದ್ದೇನೆ. ಮಾಡೆಲ್, ಮೈಗ್ರೇಷನ್, ವ್ಯೂ ಎಂದರೇನು ಎಂದು ನಿಮಗೆ ಗೊತ್ತಿದೆ ಎಂದು ಭಾವಿಸಿದ್ದೇನೆ. ಕೋಡ್‌ನ ಹೆಸರುಗಳನ್ನು ಬಾಯಲ್ಲಿ ಹೇಳುವಂತೆಯೇ ಕನ್ನಡದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ, ಅಂಡರ್‌ಸ್ಕೋರ್ ಇದ್ದಲ್ಲಿ ಅದನ್ನೂ ಹಾಗೆಯೇ ಹಾಕಿ. ಉದಾಹರಣೆಗೆ ಅದೇ ಬಿಲ್‌ಗಳ ಅಪ್ಲಿಕೇಶನ್ ಇರಲಿ: ಆ್ಯಪ್‌ನ ಹೆಸರು ‘ಬಿಲ್ಲಿಂಗ್’, ಮಾಡೆಲ್‌ನ ಹೆಸರು ‘ಇನ್‌ವಾಯ್ಸ್’.

ಹೆಜ್ಜೆ 1: ಕೀಬೋರ್ಡ್ ಮುಟ್ಟುವ ಮೊದಲು ಒಂದು ಪಟ್ಟಿ

ಒಂದು ಹಾಳೆ ತೆಗೆದುಕೊಳ್ಳಿ. ಎಡಬದಿಯಲ್ಲಿ ಕೆಲಸಗಳನ್ನು ಬರೆಯಿರಿ: ಬಿಲ್ ನೋಡುವುದು, ಹೊಸದು ಮಾಡುವುದು, ತಿದ್ದುವುದು, ಅಳಿಸುವುದು, ಮಂಜೂರು ಮಾಡುವುದು. ಮೇಲ್ಗಡೆ ಪಾತ್ರಗಳನ್ನು ಬರೆಯಿರಿ: ಗುಮಾಸ್ತರು, ಮಂಜೂರು ಮಾಡುವವರು, ಲೆಕ್ಕ ಪರಿಶೋಧಕರು. ಈಗ ಒಂದೊಂದೇ ಮನೆಗೆ ಸರಿ ಅಥವಾ ತಪ್ಪು ಗುರುತು ಹಾಕಿ. ಅನುಮಾನ ಬಂದ ಕಡೆ ತಪ್ಪು ಗುರುತೇ ಇರಲಿ. ಬೇಕಾದವರು ಬಂದು ಕೇಳುತ್ತಾರೆ. ಹೆಚ್ಚಾಗಿ ಸಿಕ್ಕಿದ ಅಧಿಕಾರವನ್ನು ಯಾರೂ ತಾವಾಗಿ ಹಿಂದಿರುಗಿಸುವುದಿಲ್ಲ.

ಪಟ್ಟಿ ಮಾಡುವಾಗ ಕೆಲವು ನಿಯಮಗಳು ಮನೆಗಳಲ್ಲಿ ಕೂರುವುದಿಲ್ಲ. ‘ತಾನೇ ಮಾಡಿದ ಬಿಲ್ಲನ್ನು ತಾನೇ ಮಂಜೂರು ಮಾಡಬಾರದು’, ‘ತನ್ನ ಶಾಖೆಯ ಬಿಲ್ ಮಾತ್ರ ನೋಡಬೇಕು’ ಇಂಥವು. ಇವನ್ನು ಅಂಚಿನಲ್ಲಿ ಬೇರೆಯಾಗಿ ಬರೆದಿಟ್ಟುಕೊಳ್ಳಿ. ಜಾಂಗೋದ ಅನುಮತಿ ವ್ಯವಸ್ಥೆ ಮನೆಗಳನ್ನು ನೋಡಿಕೊಳ್ಳುತ್ತದೆ. ಅಂಚಿನಲ್ಲಿ ಬರೆದದ್ದನ್ನು ನಾವೇ ನೋಡಿಕೊಳ್ಳಬೇಕು. ಈ ಭೇದ ಮೊದಲೇ ತಿಳಿದಿದ್ದರೆ ಮುಂದಿನ ಅರ್ಧ ಗೊಂದಲ ಹುಟ್ಟುವುದೇ ಇಲ್ಲ.

ಹೆಜ್ಜೆ 2: ಜಾಂಗೋ ತಾನಾಗಿಯೇ ಕೊಡುವುದನ್ನು ತಿಳಿದುಕೊಳ್ಳಿ

‘ಮೈಗ್ರೇಟ್’ ಆಜ್ಞೆ ಓಡಿಸಿದಾಗ ಪ್ರತಿಯೊಂದು ಮಾಡೆಲ್‌ಗೂ ನಾಲ್ಕು ಅನುಮತಿಗಳು ಡೇಟಾಬೇಸ್‌ನಲ್ಲಿ ಹುಟ್ಟುತ್ತವೆ: ಆ್ಯಡ್, ಚೇಂಜ್, ಡಿಲೀಟ್, ವ್ಯೂ. ಕೊನೆಯದು 2018ರಲ್ಲಿ ಬಂದ 2.1ನೇ ಆವೃತ್ತಿಯಲ್ಲಿ ಸೇರಿತು. ಹಳೆಯ ಪಾಠಗಳಲ್ಲಿ ಮೂರೇ ಕಂಡರೆ ಕಾರಣ ಇದು. ಕೋಡ್‌ನಲ್ಲಿ ಇವುಗಳ ಪೂರ್ತಿ ಹೆಸರು ಹೀಗಿರುತ್ತದೆ: ಆ್ಯಪ್‌ನ ಹೆಸರು, ಒಂದು ಚುಕ್ಕೆ, ಕ್ರಿಯೆ, ಅಂಡರ್‌ಸ್ಕೋರ್, ಸಣ್ಣಕ್ಷರಗಳಲ್ಲಿ ಮಾಡೆಲ್‌ನ ಹೆಸರು. ಅಂದರೆ ‘ಬಿಲ್ಲಿಂಗ್.ಚೇಂಜ್_ಇನ್‌ವಾಯ್ಸ್’. ಒಂದಕ್ಷರ ತಪ್ಪಿದರೂ, ಬಳಕೆದಾರರಿಗೆ ಅನುಮತಿ ಇದೆಯೇ ಎಂದು ಹೇಳುವ ‘ಹ್ಯಾಸ್_ಪರ್ಮ್’ ಮೆಥಡ್ ಯಾವ ದೋಷವನ್ನೂ ತೋರಿಸದೆ ‘ಫಾಲ್ಸ್’ ಎಂದು ಸುಮ್ಮನಾಗುತ್ತದೆ. ಅನುಮತಿ ಕೊಟ್ಟರೂ ಬಾಗಿಲು ತೆರೆಯುತ್ತಿಲ್ಲ ಎಂದಾಗ ನಾನು ಮೊದಲು ನೋಡುವುದು ಸ್ಪೆಲ್ಲಿಂಗನ್ನು.

ಬಳಕೆದಾರರ ಟೇಬಲ್‌ನಲ್ಲಿ ಮೂರು ಗುರುತುಗಳಿವೆ. ‘ಈಸ್_ಆ್ಯಕ್ಟಿವ್’ ಆಫ್ ಆಗಿದ್ದರೆ ಎಷ್ಟೇ ಅನುಮತಿ ಕೊಟ್ಟಿದ್ದರೂ ಉತ್ತರ ‘ಇಲ್ಲ’. ‘ಈಸ್_ಸ್ಟಾಫ್’ ಎಂದರೆ, ಡೇಟಾ ನೋಡಿ ತಿದ್ದಲು ಜಾಂಗೋ ಕೊಡುವ ಅಡ್ಮಿನ್ ತಾಣದೊಳಗೆ ಕಾಲಿಡಬಹುದು, ಅಷ್ಟೇ. ಒಳಗೆ ಏನನ್ನಾದರೂ ನೋಡಬೇಕಿದ್ದರೆ ಅನುಮತಿ ಬೇರೆ ಬೇಕು. ‘ಈಸ್_ಸೂಪರ್‌ಯೂಸರ್’ ಇದ್ದವರಿಗೆ ಯಾವ ಪ್ರಶ್ನೆ ಕೇಳಿದರೂ ‘ಹೌದು’, ಇಲ್ಲದ ಅನುಮತಿಯ ಹೆಸರು ಕೇಳಿದರೂ ‘ಹೌದು’. ಆದ್ದರಿಂದ ಸೂಪರ್‌ಯೂಸರ್ ಆಗಿ ಲಾಗಿನ್ ಆಗಿ ಅನುಮತಿಗಳನ್ನು ಪರೀಕ್ಷಿಸಬೇಡಿ. ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ.

ಒಂದು ಎಚ್ಚರಿಕೆ: ಬಳಕೆದಾರರ ಮಾಡೆಲ್ಲನ್ನು ‘ಆ್ಯಬ್‌ಸ್ಟ್ರಾಕ್ಟ್‌ಬೇಸ್‌ಯೂಸರ್’ನಿಂದ ನೀವೇ ಕಟ್ಟಿದ್ದರೆ ‘ಪರ್ಮಿಷನ್ಸ್‌ಮಿಕ್ಸಿನ್’ ಕೂಡ ಜೊತೆಗೆ ಸೇರಿಸಬೇಕು. ಇಲ್ಲದಿದ್ದರೆ ಹಲವರಿಗೆ ಒಟ್ಟಿಗೆ ಅನುಮತಿ ಕೊಡುವ ಗ್ರೂಪ್‌ಗಳೂ ಇರುವುದಿಲ್ಲ, ‘ಹ್ಯಾಸ್_ಪರ್ಮ್’ ಕೂಡ ಇರುವುದಿಲ್ಲ.

ಹೆಜ್ಜೆ 3: ನಿಮ್ಮದೇ ಅನುಮತಿ ಸೇರಿಸಿ

ಮಂಜೂರು ಮಾಡುವುದು ಆ ನಾಲ್ಕರಲ್ಲಿ ಬರುವುದಿಲ್ಲ. ‘ಅದೂ ಒಂದು ತಿದ್ದುಪಡಿಯೇ ತಾನೆ, ಚೇಂಜ್ ಸಾಕು’ ಎಂದು ಹಲವರು ಬಿಟ್ಟುಬಿಡುತ್ತಾರೆ. ಹಾಗೆ ಮಾಡಿದರೆ ಬಿಲ್‌ನ ಕಾಗುಣಿತ ತಿದ್ದುವವರಿಗೂ ಹಣ ಬಿಡುಗಡೆ ಮಾಡುವವರಿಗೂ ಒಂದೇ ಬೀಗದ ಕೈ ಕೊಟ್ಟಂತೆ.

ಇನ್‌ವಾಯ್ಸ್ ಮಾಡೆಲ್‌ನ ಒಳಗಿನ ‘ಮೆಟಾ’ ಕ್ಲಾಸ್‌ನಲ್ಲಿ ‘ಪರ್ಮಿಷನ್ಸ್’ ಎಂಬ ಪಟ್ಟಿ ಬರೆಯಿರಿ. ಪಟ್ಟಿಯ ಪ್ರತಿ ಅಂಶವೂ ಒಂದು ಜೋಡಿ: ಮೊದಲನೆಯದು ಕೋಡ್‌ನಲ್ಲಿ ಬಳಸುವ ಹೆಸರು, ‘ಅಪ್ರೂವ್_ಇನ್‌ವಾಯ್ಸ್’, ಎರಡನೆಯದು ಮನುಷ್ಯರು ಓದುವ ವಿವರಣೆ. ಎರಡನೆಯದನ್ನು ಕನ್ನಡದಲ್ಲೇ ಬರೆಯಬಹುದು, ಅಡ್ಮಿನ್‌ನಲ್ಲಿ ಅದೇ ಕಾಣಿಸುತ್ತದೆ. ಆಮೇಲೆ ‘ಮೇಕ್‌ಮೈಗ್ರೇಷನ್ಸ್’, ‘ಮೈಗ್ರೇಟ್’ ಎರಡನ್ನೂ ಓಡಿಸಿ.

ಪಟ್ಟಿಯಲ್ಲಿ ಹೆಸರು ಬದಲಿಸಿದರೆ ಜಾಂಗೋ ಹೊಸ ಅನುಮತಿಯನ್ನು ಹುಟ್ಟಿಸುತ್ತದೆ, ಹಳೆಯದನ್ನು ಅಳಿಸುವುದಿಲ್ಲ. ಹಳೆಯದು ಗ್ರೂಪ್‌ಗಳಿಗೆ ಅಂಟಿಕೊಂಡೇ ಇರುತ್ತದೆ, ಹೊಸದು ಯಾರ ಬಳಿಯೂ ಇರುವುದಿಲ್ಲ. ಹೆಸರು ಬದಲಿಸಲೇಬೇಕಿದ್ದರೆ ಮೈಗ್ರೇಷನ್ ಬರೆದು ಹಳೆಯ ಸಾಲಿನ ‘ಕೋಡ್‌ನೇಮ್’ ಅನ್ನೇ ತಿದ್ದಿ. ಆಗ ಈಗಾಗಲೇ ಪಡೆದವರ ಕೈಯಲ್ಲಿ ಅದು ಉಳಿಯುತ್ತದೆ.

ಹೆಜ್ಜೆ 4: ಗ್ರೂಪ್‌ಗಳ ಮೂಲಕವೇ ಕೊಡಿ

ಒಬ್ಬ ಬಳಕೆದಾರರಿಗೆ ನೇರವಾಗಿಯೂ ಅನುಮತಿ ಕೊಡಬಹುದು, ‘ಯೂಸರ್_ಪರ್ಮಿಷನ್ಸ್’ ಇರುವುದೇ ಅದಕ್ಕೆ. ಆದರೆ ನಾನು ಅದನ್ನು ಮುಟ್ಟುವುದಿಲ್ಲ. ‘ಸದ್ಯಕ್ಕೆ ಇವರಿಗೊಂದು ಕೊಟ್ಟಿರಿ’ ಎಂದು ಕೊಟ್ಟದ್ದು ವರ್ಷಗಟ್ಟಲೆ ಉಳಿಯುತ್ತದೆ. ಅವರು ಬೇರೆ ವಿಭಾಗಕ್ಕೆ ಹೋದಾಗ ಗ್ರೂಪ್ ಬದಲಾಗುತ್ತದೆ, ಆ ಒಂಟಿ ಅನುಮತಿ ಮಾತ್ರ ಅವರ ಹಿಂದೆಯೇ ಹೋಗುತ್ತದೆ. ಒಬ್ಬರೇ ಇರುವ ಪಾತ್ರಕ್ಕೂ ಒಂದು ಗ್ರೂಪ್ ಮಾಡಿ.

ಗ್ರೂಪ್‌ಗಳನ್ನು ಅಡ್ಮಿನ್‌ನಲ್ಲಿ ಮೌಸ್ ಹಿಡಿದು ಮಾಡುವುದು ಸುಲಭ, ಆದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾಡಿದ್ದು ಸರ್ವರ್‌ಗೆ ತಾನಾಗಿ ಹೋಗುವುದಿಲ್ಲ. ಕೈಯಿಂದ ಮಾಡಿದ ಎರಡು ಪ್ರತಿಗಳು ಎಂದಾದರೂ ಬೇರೆಯಾಗಿಯೇ ತೀರುತ್ತವೆ. ಅದಕ್ಕಾಗಿ ಒಂದು ಮ್ಯಾನೇಜ್‌ಮೆಂಟ್ ಕಮಾಂಡ್, ಅಂದರೆ ‘ಮೈಗ್ರೇಟ್’ನಂತೆ ಓಡಿಸಬಹುದಾದ ನಮ್ಮದೇ ಆಜ್ಞೆ, ಬರೆಯಿರಿ. ಅದರೊಳಗೆ ಒಂದು ಡಿಕ್ಷನರಿ: ಕೀ ಗ್ರೂಪ್‌ನ ಹೆಸರು, ವ್ಯಾಲ್ಯೂ ಅನುಮತಿಗಳ ಪಟ್ಟಿ. ಮೊದಲ ಹೆಜ್ಜೆಯ ಹಾಳೆಯೇ ಈಗ ಕೋಡ್ ಆಯಿತು. ನಂತರ ಪ್ರತಿ ಗ್ರೂಪ್‌ಗೂ ಮೂರು ಕೆಲಸ. ‘ಗೆಟ್_ಆರ್_ಕ್ರಿಯೇಟ್’ನಿಂದ ಗ್ರೂಪ್ ತೆಗೆದುಕೊಳ್ಳಿ. ಪಟ್ಟಿಯಲ್ಲಿರುವ ಒಂದೊಂದು ಅನುಮತಿಯನ್ನೂ ಆ್ಯಪ್‌ನ ಹೆಸರು ಮತ್ತು ಕೋಡ್‌ನೇಮ್ ಹಿಡಿದು ‘ಗೆಟ್’ನಿಂದ ಹುಡುಕಿ. ಸಿಕ್ಕ ಅನುಮತಿಗಳನ್ನು ಗ್ರೂಪ್‌ನ ‘ಪರ್ಮಿಷನ್ಸ್’ ಮೇಲೆ ‘ಸೆಟ್’ ಮಾಡಿ.

ಇಲ್ಲಿ ‘ಫಿಲ್ಟರ್’ ಬಿಟ್ಟು ‘ಗೆಟ್’ ಬಳಸಲು ಕಾರಣವಿದೆ. ಹೆಸರು ತಪ್ಪಿದ್ದರೆ ಫಿಲ್ಟರ್ ಖಾಲಿ ಪಟ್ಟಿ ಕೊಟ್ಟು ಸುಮ್ಮನಿರುತ್ತದೆ; ಗೆಟ್ ಅಲ್ಲೇ ನಿಂತು ‘ಇಂಥದ್ದು ಇಲ್ಲ’ ಎಂದು ಕೂಗುತ್ತದೆ. ಹಾಗೆಯೇ ‘ಆ್ಯಡ್’ ಬದಲು ‘ಸೆಟ್’: ಪಟ್ಟಿಯಲ್ಲಿ ಇಲ್ಲದ್ದನ್ನು ಅದು ಕಿತ್ತುಹಾಕುತ್ತದೆ. ಯಾರೋ ಅಡ್ಮಿನ್‌ನಲ್ಲಿ ಕೈಯಾರೆ ಸೇರಿಸಿದ್ದು ಮುಂದಿನ ಬಾರಿ ಕಮಾಂಡ್ ಓಡಿದಾಗ ಹೋಗುತ್ತದೆ. ಹೊಸ ಆವೃತ್ತಿ ಸರ್ವರ್‌ಗೆ ಹಾಕುವಾಗಲೆಲ್ಲ ಮೈಗ್ರೇಟ್ ಆದ ಕೂಡಲೇ ಇದನ್ನು ಓಡಿಸಿ.

‘ಇದನ್ನೆಲ್ಲ ಡೇಟಾ ಮೈಗ್ರೇಷನ್‌ನಲ್ಲೇ ಬರೆದರಾಗದೇ?’ ಎಂದು ಕೇಳುವವರಿದ್ದಾರೆ. ಅಲ್ಲಿ ಒಂದು ಗುಂಡಿಯಿದೆ. ಅನುಮತಿಗಳು ಹುಟ್ಟುವುದು ಎಲ್ಲ ಮೈಗ್ರೇಷನ್‌ಗಳು ಮುಗಿದ ಮೇಲೆ ಬರುವ ‘ಪೋಸ್ಟ್_ಮೈಗ್ರೇಟ್’ ಸಿಗ್ನಲ್‌ನಲ್ಲಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅನುಮತಿಗಳು ಮೊದಲೇ ಇದ್ದುದರಿಂದ ಡೇಟಾ ಮೈಗ್ರೇಷನ್ ಸರಾಗವಾಗಿ ಓಡುತ್ತದೆ. ಹೊಸ ಡೇಟಾಬೇಸ್‌ನಲ್ಲಿ, ಮುಖ್ಯವಾಗಿ ಟೆಸ್ಟ್ ಡೇಟಾಬೇಸ್‌ನಲ್ಲಿ, ಅವು ಇನ್ನೂ ಹುಟ್ಟಿರುವುದಿಲ್ಲ, ಮೈಗ್ರೇಷನ್ ಮುಗ್ಗರಿಸುತ್ತದೆ. ಪ್ರತ್ಯೇಕ ಕಮಾಂಡ್ ಇದ್ದರೆ ಈ ತಾಪತ್ರಯವಿಲ್ಲ.

ಹೆಜ್ಜೆ 5: ವ್ಯೂಗೆ ಕಾವಲು

ಕೋಡ್‌ನಲ್ಲಿ ಎಲ್ಲೂ ‘ಇವರು ಮಂಜೂರು ಮಾಡುವವರ ಗ್ರೂಪ್‌ನಲ್ಲಿದ್ದಾರೆಯೇ’ ಎಂದು ಕೇಳಬೇಡಿ. ಕೇಳಬೇಕಾದ್ದು ‘ಇವರಿಗೆ ಮಂಜೂರು ಮಾಡುವ ಅನುಮತಿ ಇದೆಯೇ’ ಎಂದು. ಗ್ರೂಪ್‌ನ ಹೆಸರು ನಾಳೆ ಬದಲಾಗಬಹುದು, ಒಂದು ಗ್ರೂಪ್ ಎರಡಾಗಬಹುದು, ಅದೇ ಅಧಿಕಾರ ಇನ್ನೊಂದು ಗ್ರೂಪ್‌ಗೂ ಹೋಗಬಹುದು. ಕೆಲಸದ ಹೆಸರನ್ನೇ ಕೇಳಿದ್ದರೆ ವ್ಯೂಗಳನ್ನು ಮತ್ತೆ ಮುಟ್ಟಬೇಕಾಗಿಲ್ಲ. ನಾಲ್ಕನೆಯ ಹೆಜ್ಜೆಯ ಡಿಕ್ಷನರಿಯಲ್ಲಿ ಒಂದು ಸಾಲು ಬದಲಿಸಿದರೆ ಆಯಿತು. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಫಂಕ್ಷನ್ ರೂಪದ ವ್ಯೂ ಆಗಿದ್ದರೆ ‘ಪರ್ಮಿಷನ್_ರಿಕ್ವೈರ್ಡ್’ ಡೆಕೊರೇಟರ್ ಇದೆ. ಅನುಮತಿ ಇಲ್ಲದವರನ್ನು ಅದು ಲಾಗಿನ್ ಪುಟಕ್ಕೆ ಕಳಿಸುತ್ತದೆ, ಅವರು ಆಗಲೇ ಲಾಗಿನ್ ಆಗಿದ್ದರೂ ಸಹ. ಪಾಪ, ಅವರು ಪಾಸ್‌ವರ್ಡ್ ಮತ್ತೆ ಮತ್ತೆ ಹಾಕುತ್ತ, ತಪ್ಪು ತಮ್ಮದೇ ಎಂದುಕೊಳ್ಳುತ್ತಾರೆ. ಅದರ ಬದಲು ‘ರೈಸ್_ಎಕ್ಸೆಪ್ಶನ್’ ಅನ್ನು ‘ಟ್ರೂ’ ಮಾಡಿ, ಮೇಲಿನ ಸಾಲಿನಲ್ಲಿ ‘ಲಾಗಿನ್_ರಿಕ್ವೈರ್ಡ್’ ಹಾಕಿ. ಲಾಗಿನ್ ಆಗದವರು ಲಾಗಿನ್ ಪುಟಕ್ಕೆ ಹೋಗುತ್ತಾರೆ, ಅನುಮತಿ ಇಲ್ಲದವರಿಗೆ ‘ನಿಮಗೆ ಅನುಮತಿಯಿಲ್ಲ’ ಎನ್ನುವ 403 ಪುಟ ಬರುತ್ತದೆ. ಆ 403 ಪುಟಕ್ಕೂ ನಿಮ್ಮದೇ ಟೆಂಪ್ಲೇಟ್ ಬರೆದು, ಅನುಮತಿ ಬೇಕಿದ್ದರೆ ಯಾರನ್ನು ಕೇಳಬೇಕು ಎಂದು ತಿಳಿಸಿ.

ಕ್ಲಾಸ್ ರೂಪದ ವ್ಯೂಗಳಿಗೆ ‘ಪರ್ಮಿಷನ್‌ರಿಕ್ವೈರ್ಡ್‌ಮಿಕ್ಸಿನ್’. ಲಾಗಿನ್ ಆದವರಿಗೆ 403, ಆಗದವರಿಗೆ ಲಾಗಿನ್ ಪುಟ ಎಂಬ ವಿಂಗಡಣೆಯನ್ನು ಇದು ತಾನೇ ಮಾಡುತ್ತದೆ. ಕ್ಲಾಸ್‌ನ ಆವರಣದೊಳಗೆ ಇದು ಎಡತುದಿಯಲ್ಲೇ ಇರಬೇಕು. ‘ಅಪ್‌ಡೇಟ್‌ವ್ಯೂ’ನ ನಂತರ ಬರೆದರೆ ತಪಾಸಣೆ ನಡೆಯುವುದೇ ಇಲ್ಲ, ದೋಷವೂ ಕಾಣುವುದಿಲ್ಲ, ಪುಟ ಎಲ್ಲರಿಗೂ ತೆರೆದುಕೊಳ್ಳುತ್ತದೆ.

ಮಂಜೂರು ಮಾಡುವಂಥ, ಡೇಟಾಬೇಸ್ ಬದಲಿಸುವ ಯಾವ ಕೆಲಸವೂ ಬರೀ ಲಿಂಕ್ ಒತ್ತಿದರೆ ಆಗಬಾರದು. ‘ರಿಕ್ವೈರ್_ಪೋಸ್ಟ್’ ಹಾಕಿ, ಫಾರ್ಮ್ ಮೂಲಕವೇ ಬರುವಂತೆ ಮಾಡಿ. ನಾನು ಮೊದಲು ಹೇಳಿದ ಘಟನೆಯಲ್ಲಿ ಎರಡೂ ತಪ್ಪುಗಳಿದ್ದವು.

2024ರಲ್ಲಿ ಬಂದ 5.1ನೇ ಆವೃತ್ತಿಯಿಂದ ‘ಲಾಗಿನ್‌ರಿಕ್ವೈರ್ಡ್‌ಮಿಡಲ್‌ವೇರ್’ ಸಿಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಅಥೆಂಟಿಕೇಶನ್‌ಮಿಡಲ್‌ವೇರ್’ನ ಕೆಳಗೆ ಇದನ್ನು ಹಾಕಿದರೆ ಎಲ್ಲ ಪುಟಗಳಿಗೂ ಲಾಗಿನ್ ಕಡ್ಡಾಯವಾಗುತ್ತದೆ, ಸಾರ್ವಜನಿಕ ಪುಟಗಳಿಗೆ ಮಾತ್ರ ‘ಲಾಗಿನ್_ನಾಟ್_ರಿಕ್ವೈರ್ಡ್’ ಎಂದು ಬರೆದು ವಿನಾಯಿತಿ ಕೊಡಬೇಕು. ಮರೆತರೆ ಬಾಗಿಲು ಮುಚ್ಚಿಯೇ ಇರುತ್ತದೆ ಎಂಬುದು ನನಗೆ ತುಂಬ ಹಿಡಿಸಿದ ಗುಣ. ಹೊಸ ಪ್ರಾಜೆಕ್ಟ್ ಆದರೆ ಮೊದಲ ದಿನವೇ ಹಾಕಿಬಿಡಿ.

ಟೆಂಪ್ಲೇಟ್‌ನಲ್ಲಿ ಬಟನ್ ಮರೆಮಾಡಲು ‘ಪರ್ಮ್ಸ್’ ಎಂಬ ವೇರಿಯಬಲ್ ಸಿದ್ಧವಾಗಿರುತ್ತದೆ, ‘ಇಫ್ ಪರ್ಮ್ಸ್.ಬಿಲ್ಲಿಂಗ್.ಅಪ್ರೂವ್_ಇನ್‌ವಾಯ್ಸ್’ ಎಂದರೆ ಸಾಕು. ಬಳಸಲಾಗದ ಬಟನ್ ತೋರಿಸದಿರುವುದು ಬಳಕೆದಾರರಿಗೆ ಮಾಡುವ ಉಪಕಾರ. ಭದ್ರತೆ ಇರುವುದು ವ್ಯೂನಲ್ಲಿ.

ಹೆಜ್ಜೆ 6: ಯಾವ ಬಿಲ್, ಯಾರ ಬಿಲ್?

ಈಗ ಹಾಳೆಯ ಅಂಚಿಗೆ ಬರೋಣ. ‘ಚೇಂಜ್_ಇನ್‌ವಾಯ್ಸ್’ ಇದೆ ಎಂದರೆ ಜಾಂಗೋ ಪಾಲಿಗೆ ಎಲ್ಲ ಬಿಲ್‌ಗಳನ್ನೂ ತಿದ್ದಬಹುದು ಎಂದರ್ಥ. ವಿಳಾಸದಲ್ಲಿ 41 ಇರುವ ಕಡೆ 42 ಎಂದು ಬದಲಿಸಿದರೆ ಪಕ್ಕದ ಶಾಖೆಯ ಬಿಲ್ ಎದುರಿಗೆ ಬರುತ್ತದೆ. ದಾಳಿ ಮಾಡುವವರು ಮೊದಲು ಮಾಡಿ ನೋಡುವುದು ಇದನ್ನೇ, ಇದಕ್ಕೆ ಯಾವ ವಿದ್ಯೆಯೂ ಬೇಕಿಲ್ಲ.

‘ಹ್ಯಾಸ್_ಪರ್ಮ್’ಗೆ ಎರಡನೆಯ ಆರ್ಗ್ಯುಮೆಂಟ್ ಆಗಿ ಒಂದು ಬಿಲ್ಲನ್ನೇ ಕೊಡಬಹುದು. ಆದರೆ ಅನುಮತಿಗಳನ್ನು ತಪಾಸಣೆ ಮಾಡಲು ಜಾಂಗೋ ಜೊತೆಗೆ ಬರುವ ‘ಮಾಡೆಲ್‌ಬ್ಯಾಕೆಂಡ್’, ಹೀಗೆ ಆಬ್ಜೆಕ್ಟ್ ಕೊಟ್ಟ ಕೂಡಲೇ, ಸೂಪರ್‌ಯೂಸರ್ ಬಿಟ್ಟು ಉಳಿದ ಎಲ್ಲರಿಗೂ ‘ಫಾಲ್ಸ್’ ಎನ್ನುತ್ತದೆ. ಸಾಲು ಮಟ್ಟದ ಅನುಮತಿಗೆ ಅದು ಜಾಗ ಮಾತ್ರ ಬಿಟ್ಟಿದೆ, ತುಂಬಬೇಕಾದವರು ನಾವು. ಯಾವ ಬಿಲ್ ಯಾರಿಗೆ ಎಂದು ಬಳಕೆದಾರರೇ ಹಂಚುವಂತಿದ್ದರೆ ‘ಜಾಂಗೋ ಗಾರ್ಡಿಯನ್’ ಎಂಬ ಪ್ಯಾಕೇಜ್ ಒಳ್ಳೆಯದು. ಶಾಖೆಯಂಥ ಸರಳ ನಿಯಮಕ್ಕೆ ಅಷ್ಟು ಬೇಡ.

ನಾನು ಮಾಡುವುದು ಹೀಗೆ. ಡೇಟಾಬೇಸ್‌ನಿಂದ ಬಿಲ್‌ಗಳನ್ನು ತರುವ ಇನ್‌ವಾಯ್ಸ್‌ನ ಕ್ವೆರಿಸೆಟ್‌ಗೆ ‘ವಿಸಿಬಲ್_ಟು’ ಎಂಬ ಒಂದು ಮೆಥಡ್ ಬರೆಯುತ್ತೇನೆ. ಅದು ಬಳಕೆದಾರರನ್ನು ತೆಗೆದುಕೊಂಡು ಅವರ ಶಾಖೆಯ ಬಿಲ್‌ಗಳನ್ನಷ್ಟೇ ಹಿಂದಿರುಗಿಸುತ್ತದೆ. ಪಟ್ಟಿಯ ಪುಟ, ವಿವರದ ಪುಟ, ತಿದ್ದುವ ಪುಟ, ಡೌನ್‌ಲೋಡ್, ಎಲ್ಲವೂ ಅದರಿಂದಲೇ ಶುರುವಾಗಬೇಕು. ವ್ಯೂನಲ್ಲಿ ‘ಗೆಟ್_ಆಬ್ಜೆಕ್ಟ್_ಆರ್_404’ಗೆ ಇನ್‌ವಾಯ್ಸ್ ಮಾಡೆಲ್ ಬದಲು ಈ ಸೋಸಿದ ಕ್ವೆರಿಸೆಟ್ ಕೊಡಿ. ಆಗ ಪಕ್ಕದ ಶಾಖೆಯ 42ನೇ ಬಿಲ್ ಕೇಳಿದವರಿಗೆ 404, ಅಂದರೆ ‘ಸಿಗಲಿಲ್ಲ’, ಬರುತ್ತದೆ. 403 ಕೊಟ್ಟರೆ ‘ಅಂಥದ್ದೊಂದು ಇದೆ, ನಿನಗಿಲ್ಲ’ ಎಂದು ನಾವೇ ಹೇಳಿದಂತೆ. 404 ಅಷ್ಟನ್ನೂ ಹೇಳುವುದಿಲ್ಲ.

‘ತನ್ನ ಬಿಲ್ಲನ್ನು ತಾನು ಮಂಜೂರು ಮಾಡಬಾರದು’ ಎಂಬುದನ್ನು ಮಾಡೆಲ್‌ನಲ್ಲೇ ಒಂದು ಮೆಥಡ್ ಆಗಿ ಇಡಿ. ಅನುಮತಿ ಇರಬೇಕು, ಬಿಲ್ ಮಾಡಿದವರು ಬೇರೆಯವರಾಗಿರಬೇಕು, ಬಿಲ್ ಇನ್ನೂ ಬಾಕಿಯಿರಬೇಕು: ಮೂರನ್ನೂ ಅದು ಒಟ್ಟಿಗೆ ನೋಡಲಿ. ವ್ಯೂ, ಟೆಂಪ್ಲೇಟ್ ಎರಡೂ ಅದನ್ನೇ ಕೇಳಲಿ. ಮೆಥಡ್ ‘ಫಾಲ್ಸ್’ ಎಂದರೆ ವ್ಯೂ ‘ಪರ್ಮಿಷನ್‌ಡಿನೈಡ್’ ಎಸೆಯಬೇಕು. ಸೂಪರ್‌ಯೂಸರ್‌ಗೆ ಅನುಮತಿಯ ಪ್ರಶ್ನೆಯಲ್ಲಿ ಸದಾ ಪಾಸ್, ಆದರೆ ಎರಡನೆಯ ಷರತ್ತು ಅವರನ್ನೂ ತಡೆಯುತ್ತದೆ. ಹಣದ ವಿಷಯದಲ್ಲಿ ಅದು ಹಾಗೆಯೇ ಇರಬೇಕು.

ಮೊಬೈಲ್ ಆ್ಯಪ್‌ಗೆಂದು ಎಪಿಐ ಕಟ್ಟುವ ‘ಜಾಂಗೋ ರೆಸ್ಟ್ ಫ್ರೇಮ್‌ವರ್ಕ್’ ಪ್ಯಾಕೇಜ್ ಬಳಸುತ್ತಿದ್ದರೆ ಮೇಲಿನ ಡೆಕೊರೇಟರ್‌ಗಳನ್ನು ನಂಬಿ ಕೂರಬೇಡಿ. ಅದರ ಮೂಲ ಸೆಟ್ಟಿಂಗ್ ‘ಅಲೋಎನಿ’, ಅಂದರೆ ಯಾರು ಬಂದರೂ ಸರಿ. ‘ಜಾಂಗೋಮಾಡೆಲ್‌ಪರ್ಮಿಷನ್ಸ್’ ಹಾಕಿದರೂ ಓದುವ ಕೋರಿಕೆಗೆ ಅದು ವ್ಯೂ ಅನುಮತಿಯನ್ನು ಕೇಳುವುದಿಲ್ಲ. ಅದನ್ನು ಆಧರಿಸಿ ನಿಮ್ಮದೇ ಕ್ಲಾಸ್ ಮಾಡಿ ‘ಪರ್ಮ್ಸ್_ಮ್ಯಾಪ್’ನಲ್ಲಿ ‘ಗೆಟ್’ನ ಎದುರು ಬರೆಯಬೇಕು. ಆಬ್ಜೆಕ್ಟ್ ಮಟ್ಟದ ತಪಾಸಣೆ ಪಟ್ಟಿಯ ಪುಟಗಳಿಗೆ ನಡೆಯುವುದಿಲ್ಲ, ಹಾಗಾಗಿ ಅಲ್ಲೂ ‘ಗೆಟ್_ಕ್ವೆರಿಸೆಟ್’ನಲ್ಲಿ ‘ವಿಸಿಬಲ್_ಟು’ ಬೇಕೇ ಬೇಕು.

ಹೆಜ್ಜೆ 7: ಅಡ್ಮಿನ್‌ನ ಕಳ್ಳಬಾಗಿಲು

‘ಹೊಸಬರಿಗೆ ಅಕೌಂಟ್ ಮಾಡಿಕೊಡಲು ಒಬ್ಬರು ಬೇಕು’ ಎಂದು ಯಾರಿಗಾದರೂ ಯೂಸರ್ ಮಾಡೆಲ್‌ನ ಆ್ಯಡ್, ಚೇಂಜ್ ಅನುಮತಿ ಕೊಟ್ಟು, ಸ್ಟಾಫ್ ಗುರುತು ಹಾಕುತ್ತೀರಿ. ಅಡ್ಮಿನ್‌ನಲ್ಲಿ ಬಳಕೆದಾರರ ಫಾರ್ಮ್ ತೆರೆದರೆ ಅಲ್ಲೇ ‘ಸೂಪರ್‌ಯೂಸರ್’ ಎಂಬ ಚೌಕವೂ ಇರುತ್ತದೆ. ತಮ್ಮದೇ ಅಕೌಂಟ್ ತೆರೆದು ಅದಕ್ಕೆ ಟಿಕ್ ಹಾಕಿಕೊಂಡರೆ ಜಾಂಗೋ ತಡೆಯುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ. ‘ಯೂಸರ್‌ಅಡ್ಮಿನ್’ ಕ್ಲಾಸನ್ನು ನಿಮ್ಮದಾಗಿ ಬರೆದು, ‘ಗೆಟ್_ರೀಡ್‌ಓನ್ಲಿ_ಫೀಲ್ಡ್ಸ್’ನಲ್ಲಿ ಸೂಪರ್‌ಯೂಸರ್ ಅಲ್ಲದವರಿಗೆ ಮೂರು ಫೀಲ್ಡ್‌ಗಳನ್ನು ಓದಲಷ್ಟೇ ಬಿಡಿ: ‘ಈಸ್_ಸೂಪರ್‌ಯೂಸರ್’, ‘ಯೂಸರ್_ಪರ್ಮಿಷನ್ಸ್’, ‘ಗ್ರೂಪ್ಸ್’. ಜೊತೆಗೆ ‘ಗೆಟ್_ಕ್ವೆರಿಸೆಟ್’ನಲ್ಲಿ ಸೂಪರ್‌ಯೂಸರ್ ಅಕೌಂಟ್‌ಗಳನ್ನೇ ಅವರಿಂದ ಮರೆಮಾಡಿ, ಇಲ್ಲದಿದ್ದರೆ ಅವರ ಪಾಸ್‌ವರ್ಡನ್ನು ಬದಲಿಸಿ ಒಳಗೆ ಹೋಗಬಹುದು.

ಹೆಜ್ಜೆ 8: ಶೆಲ್‌ನಲ್ಲಿ ಕಣ್ಣಾರೆ ನೋಡಿ

ಜಾಂಗೋ ಶೆಲ್ ತೆರೆದು ಒಬ್ಬ ಗುಮಾಸ್ತರ ಅಕೌಂಟನ್ನು ‘ಯು’ ಎಂಬ ವೇರಿಯಬಲ್‌ಗೆ ತೆಗೆದುಕೊಳ್ಳಿ. ‘ಹ್ಯಾಸ್_ಪರ್ಮ್’ನಿಂದ ‘ಬಿಲ್ಲಿಂಗ್.ಅಪ್ರೂವ್_ಇನ್‌ವಾಯ್ಸ್’ ಕೇಳಿ: ಫಾಲ್ಸ್. ಈಗ ಅವರನ್ನು ಮಂಜೂರು ಮಾಡುವವರ ಗ್ರೂಪ್‌ಗೆ ಸೇರಿಸಿ, ಮತ್ತೆ ಕೇಳಿ: ಮತ್ತೆ ಫಾಲ್ಸ್! ಡೇಟಾಬೇಸ್ ತೆರೆದು ನೋಡಿದರೆ ಗ್ರೂಪ್ ಸೇರಿದೆ. ಮೊದಲ ಬಾರಿ ಇದನ್ನು ಕಂಡಾಗ ಅರ್ಧ ದಿನ ನನ್ನ ಕೋಡ್‌ನಲ್ಲೇ ತಪ್ಪು ಹುಡುಕಿದ್ದೆ. ಮೊದಲ ಪ್ರಶ್ನೆಗೆ ಉತ್ತರಿಸುವಾಗ ಅನುಮತಿಗಳನ್ನೆಲ್ಲ ತಂದು ಜಾಂಗೋ ಆ ಆಬ್ಜೆಕ್ಟ್‌ನಲ್ಲೇ ಕ್ಯಾಶ್ ಮಾಡಿಟ್ಟಿರುತ್ತದೆ. ‘ರಿಫ್ರೆಶ್_ಫ್ರಮ್_ಡಿಬಿ’ ಕರೆದರೂ ಆ ಕ್ಯಾಶ್ ಹೋಗುವುದಿಲ್ಲ. ‘ಯೂಸರ್.ಆಬ್ಜೆಕ್ಟ್ಸ್.ಗೆಟ್’ನಿಂದ ಅದೇ ವ್ಯಕ್ತಿಯನ್ನು ಹೊಸದಾಗಿ ತಂದು ಕೇಳಿ: ಟ್ರೂ. ವೆಬ್‌ನಲ್ಲಿ ಪ್ರತಿ ಕೋರಿಕೆಗೂ ಬಳಕೆದಾರರು ಹೊಸದಾಗಿ ಬರುವುದರಿಂದ ಅಲ್ಲಿ ಇದು ಕಾಡುವುದಿಲ್ಲ. ಟೆಸ್ಟ್‌ಗಳಲ್ಲಿ ಮತ್ತು ಶೆಲ್‌ನಲ್ಲಿ ಕಾಡುತ್ತದೆ.

ಯಾವ ಅನುಮತಿ ಎಲ್ಲಿಂದ ಬಂತು ಎಂದು ತಿಳಿಯಲು ‘ಗೆಟ್_ಯೂಸರ್_ಪರ್ಮಿಷನ್ಸ್’, ‘ಗೆಟ್_ಗ್ರೂಪ್_ಪರ್ಮಿಷನ್ಸ್’ ಎರಡನ್ನೂ ಬೇರೆ ಬೇರೆ ಕರೆಯಿರಿ. ಮೊದಲನೆಯದು ಖಾಲಿ ಬರಬೇಕು. ಬರದಿದ್ದರೆ ಯಾರೋ ನೇರವಾಗಿ ಕೊಟ್ಟಿದ್ದಾರೆ.

ಹೆಜ್ಜೆ 9: ‘ಆಗುವುದಿಲ್ಲ’ ಎಂಬುದನ್ನು ಟೆಸ್ಟ್ ಮಾಡಿ

ಮಂಜೂರು ಮಾಡುವವರು ಮಂಜೂರು ಮಾಡಬಲ್ಲರು ಎಂಬ ಟೆಸ್ಟ್ ಎಲ್ಲರೂ ಬರೆಯುತ್ತಾರೆ. ಬೇಕಾಗಿರುವುದು ಗುಮಾಸ್ತರಿಗೆ ಆಗುವುದಿಲ್ಲ ಎಂಬ ಟೆಸ್ಟ್. ಮತ್ತೆ ಆ ಹಾಳೆಯನ್ನೇ ತೆಗೆಯಿರಿ. ಪ್ರತಿ ಸಾಲಿನಲ್ಲಿ ಪಾತ್ರ, ವಿಳಾಸ, ಬರಬೇಕಾದ ಸಂಖ್ಯೆ ಇರುವ ಒಂದು ಪಟ್ಟಿ ಮಾಡಿ: ಲಾಗಿನ್ ಆಗದವರಿಗೆ 302 (ಲಾಗಿನ್ ಪುಟಕ್ಕೆ ಕಳಿಸುವುದು), ಗುಮಾಸ್ತರಿಗೆ 403, ಬೇರೆ ಶಾಖೆಯವರಿಗೆ 404, ಅದೇ ಶಾಖೆಯ ಮಂಜೂರು ಮಾಡುವವರಿಗೆ ಯಶಸ್ಸು, ಬಿಲ್ ಮಾಡಿದವರೇ ಆಗಿದ್ದರೆ ಅನುಮತಿ ಇದ್ದರೂ 403. ‘ಸೆಟ್‌ಅಪ್‌ಟೆಸ್ಟ್‌ಡೇಟಾ’ದಲ್ಲಿ ನಾಲ್ಕನೆಯ ಹೆಜ್ಜೆಯ ಕಮಾಂಡನ್ನೇ ‘ಕಾಲ್_ಕಮಾಂಡ್’ನಿಂದ ಓಡಿಸಿ; ಹಾಗೆ ಮಾಡಿದರೆ ಸರ್ವರ್‌ನಲ್ಲಿರುವ ಗ್ರೂಪ್‌ಗಳೇ ಪರೀಕ್ಷೆಗೆ ಒಳಗಾಗುತ್ತವೆ. ‘ಫೋರ್ಸ್_ಲಾಗಿನ್’ ಬಳಸಿ ಒಂದೊಂದು ಸಾಲನ್ನೂ ‘ಸಬ್‌ಟೆಸ್ಟ್’ನಲ್ಲಿ ಓಡಿಸಿ. ಹೊಸ ವಿಳಾಸ ಸೇರಿದಾಗ ಹೊಸ ಸಾಲು ಸೇರಿಸುವುದನ್ನು ಕೋಡ್ ರಿವ್ಯೂನಲ್ಲಿ ಕೇಳಲೇಬೇಕು.

ಕೊನೆಯದಾಗಿ, ಕೆಲಸ ಬಿಟ್ಟು ಹೋದವರ ಅಕೌಂಟ್. ಅದನ್ನು ಅಳಿಸಬೇಡಿ: ಬಿಲ್ಲಿನಿಂದ ಬಳಕೆದಾರರಿಗಿರುವ ಫಾರಿನ್ ಕೀ ‘ಕ್ಯಾಸ್ಕೇಡ್’ ಆಗಿದ್ದರೆ ಅವರು ಮಾಡಿದ ಬಿಲ್‌ಗಳೂ ಜೊತೆಗೆ ಅಳಿದುಹೋಗುತ್ತವೆ. ‘ಈಸ್_ಆ್ಯಕ್ಟಿವ್’ ಆಫ್ ಮಾಡಿ, ಗ್ರೂಪ್‌ಗಳಿಂದ ತೆಗೆಯಿರಿ. ಅವರು ಆ ಹೊತ್ತಿಗೆ ಲಾಗಿನ್ ಆಗಿಯೇ ಇದ್ದರೂ ಮಾಡೆಲ್‌ಬ್ಯಾಕೆಂಡ್ ಮುಂದಿನ ಕೋರಿಕೆಯಲ್ಲೇ ಅವರನ್ನು ಅಪರಿಚಿತರೆಂದು ಎಣಿಸುತ್ತದೆ. ಇದಕ್ಕೂ ಒಂದು ಟೆಸ್ಟ್ ಬರೆಯಿರಿ: ಲಾಗಿನ್ ಮಾಡಿಸಿ, ಪುಟ ತೆರೆದು 200 ಬಂತೆಂದು ನೋಡಿ, ಗುರುತು ಆಫ್ ಮಾಡಿ, ಅದೇ ಪುಟವನ್ನು ಮತ್ತೆ ಕೇಳಿ. ಈ ಸಲ 302 ಬರಬೇಕು.